ಓದುಗರ ಪ್ರಶ್ನೆ, ನಮ್ಮ ಉತ್ತರ: ಕೀಲಿಮಣೆ ಕಲಿಯುವ ಬಗೆ

ಪ್ರಶ್ನೆ: ನಾನು ಹತ್ತಿ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಬಹುಕಾಲದಿಂದ ಗುಮಾಸ್ತನಾಗಿದ್ದೇನೆ. ಕೈಬರಹದ ಲೆಕ್ಕದಲ್ಲಿ ತೊಂದರೆಯಿಲ್ಲ. ಆದರೆ ಈಗ ಸಾಹುಕಾರರು ಪಟ್ಟಿಗಳನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡಬೇಕೆಂದಿದ್ದಾರೆ. ಎರಡೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಅಕ್ಷರಗಳು ಕ್ರಮವಾಗಿ ಏಕಿಲ್ಲ? ಕನ್ನಡದಲ್ಲಿ ಟೈಪ್ ಮಾಡಲು ಮೊದಲು ಇಂಗ್ಲಿಷ್ ಟೈಪಿಂಗ್ ಕಲಿಯಲೇಬೇಕೆ?
– ಓದುಗರೊಬ್ಬರು, ರಾಯಚೂರು

ಉತ್ತರ: ಅಕ್ಷರಗಳು ಕ್ರಮವಾಗಿಲ್ಲದಿರುವುದಕ್ಕೆ ಕಂಪ್ಯೂಟರ್ ಕಾರಣವಲ್ಲ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ರೂಪಿಸಿದ, 1874ರಲ್ಲಿ ರೆಮಿಂಗ್ಟನ್ ಸಂಸ್ಥೆ ಮಾರುಕಟ್ಟೆಗೆ ತಂದ ಟೈಪ್‌ರೈಟರಿನ ಜೋಡಣೆಯೇ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಇಂದಿಗೂ ನಡೆದುಬಂದಿದೆ. ಆ ಜೋಡಣೆಯನ್ನು ಉರುಹೊಡೆಯಲು ಹೋಗಬೇಡಿ. ಅದು ಬೆರಳುಗಳಿಗೆ ರೂಢಿಯಾಗಬೇಕಾದ ಸಂಗತಿ.

ಕೀಲಿಮಣೆಯ ನಡುವಿನ ಸಾಲಿನಲ್ಲಿ ಎಫ್ ಮತ್ತು ಜೆ ಕೀಲಿಗಳ ಮೇಲೆ ಕೈಗೆ ತಾಗುವಂಥ ಸಣ್ಣ ಉಬ್ಬುಗೆರೆಗಳಿವೆ. ಎಡಗೈಯ ತೋರುಬೆರಳನ್ನು ಎಫ್ ಮೇಲೂ ಬಲಗೈಯ ತೋರುಬೆರಳನ್ನು ಜೆ ಮೇಲೂ ಇಟ್ಟರೆ ಉಳಿದ ಬೆರಳುಗಳು ಅದೇ ಸಾಲಿನಲ್ಲಿ ತಾವಾಗಿ ಕೂರುತ್ತವೆ, ಹೆಬ್ಬೆರಳುಗಳು ಕೆಳಗಿನ ಉದ್ದನೆಯ ಖಾಲಿ ಕೀಲಿಯ ಮೇಲೆ ಬರುತ್ತವೆ. ಮೇಲಿನ ಅಥವಾ ಕೆಳಗಿನ ಸಾಲಿಗೆ ಹೋದ ಬೆರಳು ಕೀಲಿಯನ್ನು ಒತ್ತಿ ಮತ್ತೆ ತನ್ನ ಜಾಗಕ್ಕೇ ಮರಳಬೇಕು ಎಂಬುದೊಂದೇ ಇಲ್ಲಿನ ಕಟ್ಟುನಿಟ್ಟು. ದಿನಕ್ಕೆ 20 ನಿಮಿಷ, ಆದರೆ ತಪ್ಪದೆ, ಕೈಯ ಕಡೆ ನೋಡದೆ ಅಭ್ಯಾಸ ಮಾಡಿರಿ. ಮೊದಮೊದಲು ಎರಡು ಬೆರಳಿನ ವೇಗವೂ ಇಲ್ಲದಂತಾಗಿ ಬೇಸರ ಬರುತ್ತದೆ. ಅಂಗಡಿಯಲ್ಲಿ ಗಿರಾಕಿ ಎದುರಿಗೆ ನಿಂತಿರುವಾಗ ಹಳೆಯ ರೀತಿಯಲ್ಲೇ ಕೆಲಸ ಮುಗಿಸಿ, ಹೊಸ ರೀತಿಯ ಅಭ್ಯಾಸವನ್ನು ಬಿಡುವಿನ ವೇಳೆಗೆ ಇಟ್ಟುಕೊಳ್ಳುವುದು ಜಾಣತನ. ಕೀಲಿಗಳ ಮೇಲೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿಕೊಳ್ಳುವವರಿದ್ದಾರೆ; ನಾನಂತೂ ಬೇಡವೆನ್ನುತ್ತೇನೆ, ಏಕೆಂದರೆ ಚೀಟಿ ಇರುವವರೆಗೂ ಕಣ್ಣು ಕೆಳಗೇ ಇರುತ್ತದೆ. ಅಕ್ಷರಗಳ ಜೋಡಣೆಯನ್ನು ಹಾಳೆಯ ಮೇಲೆ ಮುದ್ರಿಸಿ ಪರದೆಯ ಪಕ್ಕದಲ್ಲಿ ತೂಗುಹಾಕಿಕೊಳ್ಳಿ.

ಕನ್ನಡಕ್ಕಾಗಿ ಮೊದಲು ಇಂಗ್ಲಿಷ್ ಕಲಿಯಬೇಕಾಗಿಲ್ಲ; ಯಾವ ಅಕ್ಷರ ಎಲ್ಲಿದೆ ಎಂಬ ಗುರುತು ಸಾಕು. ಸರ್ಕಾರಿ ಕಚೇರಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶ. ಅದರ ಕೀಲಿ ಜೋಡಣೆಗೆ ಆಧಾರ ಕನ್ನಡ ಗಣಕ ತಂತ್ರಜ್ಞ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಇದರಲ್ಲಿ ಉಚ್ಚಾರಣೆಗೆ ಹತ್ತಿರವಾದ ಕೀಲಿಯಲ್ಲೇ ಬಹುತೇಕ ಅಕ್ಷರಗಳು ಸಿಗುತ್ತವೆ. ಕೆ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಕೆ ಒತ್ತಿದರೆ ‘ಖ’. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ನಿಮ್ಮ ‘ಹತ್ತಿ’ಯನ್ನೇ ತೆಗೆದುಕೊಳ್ಳಿ: ಎಚ್, ಟಿ, ಎಫ್, ಟಿ, ಐ ಎಂದು ಐದು ಸಲ ಒತ್ತಿದರೆ ಪದ ಸಿದ್ಧ. ‘ಟ’ ಕ್ಯೂ ಕೀಲಿಯಲ್ಲಿ, ‘ಡ’ ಡಬ್ಲ್ಯು ಕೀಲಿಯಲ್ಲಿ, ‘ಷ’ ಎಕ್ಸ್ ಕೀಲಿಯಲ್ಲಿ ಇರುವುದನ್ನು ಮಾತ್ರ ಬೇರೆಯಾಗಿ ನೆನಪಿಡಬೇಕಾಗುತ್ತದೆ.

ಆದರೆ ರಾಯಚೂರಿನ ಪೇಟೆಯಲ್ಲಿ ತೆಲುಗಿನ ವ್ಯವಹಾರವೂ ಇರುತ್ತದೆ. ತೆಲುಗಿನಲ್ಲಿಯೂ ಪಟ್ಟಿ, ಪತ್ರ ಬರೆಯುವ ಪ್ರಸಂಗ ನಿಮಗೆ ನಿಜವಾಗಿಯೂ ಬರುವುದಾದರೆ ‘ಇನ್‌ಸ್ಕ್ರಿಪ್ಟ್’ ಎಂಬ ಇನ್ನೊಂದು ಜೋಡಣೆಯನ್ನು ಯೋಚಿಸಬಹುದು. ವಿಂಡೋಸ್‌ನಲ್ಲಿ ಅದು ಮೊದಲೇ ಅಡಕವಾಗಿದೆ. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ ಬರುತ್ತವೆ, ಮತ್ತು ಕನ್ನಡದ ‘ಕ’ ಇರುವ ಕೀಲಿಯಲ್ಲೇ ತೆಲುಗಿನ ‘ಕ’ವೂ ಇರುತ್ತದೆ. ಒಂದು ಭಾಷೆಗೆ ಕಲಿತ ಬೆರಳು ಇನ್ನೊಂದಕ್ಕೂ ಒದಗುತ್ತದೆ. ಈ ಎರಡು ಜೋಡಣೆಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಎರಡನ್ನೂ ಏಕಕಾಲಕ್ಕೆ ಕಲಿಯಲು ಹೊರಟರೆ ಬೆರಳು ಎರಡಕ್ಕೂ ಒಗ್ಗುವುದಿಲ್ಲ.

ಇಷ್ಟಾದರೂ ನಿಮ್ಮ ಕೆಲಸದ ಬಹುಪಾಲು ಅಕ್ಷರವಲ್ಲ, ಅಂಕಿ. ಚೀಲದ ಸಂಖ್ಯೆ, ತೂಕ, ದರ, ಹಮಾಲಿ ಇವನ್ನೆಲ್ಲ ಮೇಲಿನ ಸಾಲಿನ ಅಂಕಿಗಳಲ್ಲಿ ಹುಡುಕುವ ಬದಲು ಬಲತುದಿಯ ಅಂಕಿಗಳ ಗುಂಪನ್ನೇ ಮೊದಲು ಕಲಿಯಿರಿ. ವೇಗ ಬೇಗ ಬರುವುದು ಅಲ್ಲಿಯೇ. 5ರ ಮೇಲೂ ಒಂದು ಉಬ್ಬು ಇರುತ್ತದೆ. ನಡುಬೆರಳು ಅದರ ಮೇಲೆ, ತೋರುಬೆರಳು 4ರ ಮೇಲೆ, ಉಂಗುರಬೆರಳು 6ರ ಮೇಲೆ, ಹೆಬ್ಬೆರಳು ಸೊನ್ನೆಗೆ, ಕಿರುಬೆರಳು ಎಂಟರ್ ಕೀಲಿಗೆ. ಮೊಬೈಲಿನಲ್ಲಿ ಮೇಲಿನ ಸಾಲಿನಲ್ಲಿ 1, 2, 3 ಇದ್ದರೆ ಇಲ್ಲಿ ಕ್ಯಾಲ್ಕ್ಯುಲೇಟರಿನಂತೆ 7, 8, 9 ಇರುತ್ತವೆ. ಹೊಸಬರು ದರ ತಪ್ಪಿಸುವುದು ಹೆಚ್ಚಾಗಿ ಇದರಿಂದಲೇ. ಅಂಕಿ ಬರದಿದ್ದರೆ ನಮ್‌ಲಾಕ್ ಕೀಲಿಯನ್ನು ಒಮ್ಮೆ ಒತ್ತಿ ನೋಡಿ. ನಿಮ್ಮ ಅಂಗಡಿಯಲ್ಲಿ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಇದ್ದರೆ ಮೌಸ್ ಹಿಡಿಯುವ ಗೋಜೇ ಬೇಡ: ಕೀಲಿಮಣೆಯ ತುತ್ತತುದಿಯ ಸಾಲಿನಲ್ಲಿರುವ ಎಫ್ 8 ಎಂಬ ಒಂದೇ ಕೀಲಿ ಮಾರಾಟಕ್ಕೆ, ಎಫ್ 9 ಖರೀದಿಗೆ, ಎಂಟರ್ ಒತ್ತಿದರೆ ಮುಂದಿನ ಅಂಕಣಕ್ಕೆ.

ಪ್ರಶ್ನೆ: ಟೈಪಿಂಗ್ ಪರೀಕ್ಷೆಗೆ ಕೂರಬೇಕೆಂದಿದ್ದೇನೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮೊಬೈಲಿನಲ್ಲಿ ಅಭ್ಯಾಸ ಮಾಡಿದರೆ ಸಾಲದೆ?
– ವಿದ್ಯಾರ್ಥಿನಿ, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಸಾಲದು. ಮೊಬೈಲಿನಲ್ಲಿ ಕೆಲಸ ಮಾಡುವುದು ಎರಡು ಹೆಬ್ಬೆರಳು; ಪರೀಕ್ಷೆಯಲ್ಲಿ ಅಕ್ಷರ ಒತ್ತುವುದು ಆ ಎರಡನ್ನು ಬಿಟ್ಟು ಉಳಿದ ಎಂಟು. ಆದರೆ ಯುಎಸ್‌ಬಿ ಕೀಲಿಮಣೆಯೊಂದನ್ನು ಓಟಿಜಿ ಎಂಬ ಸಣ್ಣ ತಂತಿಯ ಮೂಲಕ ಬಹುತೇಕ ಆಂಡ್ರಾಯ್ಡ್ ಫೋನುಗಳಿಗೆ ಜೋಡಿಸಬಹುದು. ಎರಡೂ ಸೇರಿ ಕಂಪ್ಯೂಟರಿಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳೇ ಮೂಡಿದರೂ ಚಿಂತೆಯಿಲ್ಲ, ಬೆರಳಿಗೆ ಕೀಲಿಗಳ ಜಾಗ ಒಗ್ಗುವುದು ಮುಖ್ಯ. ಪರೀಕ್ಷೆ ಯಾವ ತಂತ್ರಾಂಶದಲ್ಲಿ, ಯಾವ ಜೋಡಣೆಯಲ್ಲಿ ನಡೆಯುತ್ತದೆಂಬುದನ್ನು ಅಧಿಸೂಚನೆಯಲ್ಲಿ ಓದಿ, ಅದನ್ನೇ ವಾರಕ್ಕೆ ಒಂದೆರಡು ದಿನ ಟೈಪಿಂಗ್ ತರಬೇತಿ ಕೇಂದ್ರದಲ್ಲಿ ಅಭ್ಯಾಸ ಮಾಡಿರಿ. ಮೊದಲು ತಪ್ಪಿಲ್ಲದೆ ಒತ್ತುವುದನ್ನು ಕಲಿಯಿರಿ. ತಪ್ಪುಗಳೊಡನೆ ಕೂಡಿಸಿಕೊಂಡ ವೇಗವನ್ನು ಆಮೇಲೆ ತಿದ್ದುವುದು ಬಹಳ ಕಷ್ಟ.

ಪ್ರಶ್ನೆ: ನಾನು ‘ನುಡಿ’ಯಲ್ಲಿ ಟೈಪ್ ಮಾಡಿ ಕಳಿಸಿದ ಪತ್ರ ಅಣ್ಣನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸಿತು. ನಾನು ಕೀಲಿ ಒತ್ತಿದ್ದು ತಪ್ಪೆ?
– ಗೃಹಿಣಿ, ಬಳ್ಳಾರಿ

ಉತ್ತರ: ತಪ್ಪಲ್ಲ. ನೀವು ಬಳಸಿರುವುದು ಹಳೆಯ ಬಗೆಯ ಅಕ್ಷರಶೈಲಿ. ಅದು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುತ್ತದೆ. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ. ಇನ್ನು ಮುಂದೆ ‘ನುಡಿ’ಯಲ್ಲಿ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಆಯ್ಕೆಯನ್ನು ಇಟ್ಟುಕೊಂಡು ಟೈಪ್ ಮಾಡಿರಿ, ನಿಮಗೆ ರೂಢಿಯಾದ ಕೀಲಿಗಳು ಬದಲಾಗುವುದಿಲ್ಲ. ಹಳೆಯ ಪತ್ರಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಇವೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಒಮ್ಮೆ ಓದಿ ನೋಡಿಯೇ ಅಣ್ಣನಿಗೆ ಕಳಿಸಿರಿ.