ನಾಲಿಗೆಯ ಕರಿಚುಕ್ಕೆ ಉಜ್ಜಿದರೆ ಹೋಗಲ್ಲ

ಪ್ರಶ್ನೆ: ಡಾಕ್ಟ್ರೇ, ನಂಗೆ 23 ವರ್ಷ. ಊರು ಸೋಮವಾರಪೇಟೆ ಹತ್ತಿರ. ನಾಲಿಗೆಯ ತುದಿಯಲ್ಲಿ, ಅಂಚಿನಲ್ಲಿ ಕಂದು ಚುಕ್ಕೆಗಳಿವೆ. ನೋವಿಲ್ಲ. ಮನೆಯಲ್ಲಿ ಗಂಡು ನೋಡ್ತಿದ್ದಾರೆ. ‘ಕರಿನಾಲಿಗೆ’ ಅಂತ ನೆಂಟರು ಆಡಿಕೊಳ್ತಾರೆ. ಸಂತೆಯಲ್ಲಿ ಕೊಟ್ಟ ಪುಡಿ ಹಾಕಿ ಉಜ್ಜಿದೆ. ಉರಿ ಬಂತು, ಚುಕ್ಕೆ ಹೋಗಲಿಲ್ಲ. ಕಾಫಿ ಬಿಡಬೇಕಾ?

ಉತ್ತರ: ಮೊದಲು ಆ ಪುಡಿ ಬಿಸಾಡಮ್ಮ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಪ್ರತಿ ಸಲವೂ ಜೊತೆಗೊಂದು ಸುಟ್ಟ ನಾಲಿಗೆ.

ನಾಲಿಗೆಯ ತುದಿ, ಅಂಚುಗಳಲ್ಲಿ ಅಣಬೆಯ ತಲೆಯಂಥ ಪುಟ್ಟ ಉಬ್ಬುಗಳಿರುತ್ತವೆ. ನಮ್ಮಂಥ ಕಂದು ಮೈಬಣ್ಣದ ಕೆಲವರಲ್ಲಿ ಅವುಗಳೊಳಗೆ ಮೆಲನಿನ್ ಸೇರುತ್ತೆ. ಚರ್ಮಕ್ಕೆ ಬಣ್ಣ ಕೊಡುವುದೂ ಅದೇ. ಹೆಚ್ಚಾಗಿ ಹರೆಯದಲ್ಲಿ ಕಾಣಿಸುತ್ತೆ, ಹೆಣ್ಣುಮಕ್ಕಳಲ್ಲಿ ಜಾಸ್ತಿ. ರೋಗವಲ್ಲ, ಅಂಟುವುದಿಲ್ಲ, ಕ್ಯಾನ್ಸರ್ ಆಗುವುದಿಲ್ಲ. ಬಣ್ಣ ಇರುವುದು ಒಳಪದರದಲ್ಲಿ. ಉಜ್ಜಿದರೆ ಕಿತ್ತುಬರುವುದು ಮೇಲಿನ ಪದರ ಮಾತ್ರ. ಲೇಸರ್ ಕೂಡ ಬೇಡ.

ಕಾಫಿಗೂ ಇದಕ್ಕೂ ಸಂಬಂಧವಿಲ್ಲ. ಕೊಡಗಿನಲ್ಲಿ ಕಾಫಿ ಬಿಡು ಅಂದವರನ್ನು ಯಾರು ನಂಬ್ತಾರೋ! ನಾಲಿಗೆಯ ನಡುವೆ, ಹಿಂಭಾಗದಲ್ಲಿ ಕೂದಲು ಬೆಳೆದಂತೆ ಕಪ್ಪಾಗುವುದು ಬೇರೆ ಸಮಸ್ಯೆ. ಸಿಗರೇಟು, ಆ್ಯಂಟಿಬಯೋಟಿಕ್, ಬಾಯಿ ಸರಿಯಾಗಿ ತೊಳೆಯದಿರುವುದು, ಅತಿಯಾದ ಕಾಫಿ ಟೀ ಅದಕ್ಕೆ ಕಾರಣ. ಮೆತ್ತನೆ ಬ್ರಷ್‌ನಿಂದ ದಿನಾ ನಾಲಿಗೆ ಉಜ್ಜಿದರೆ ಅದು ಹೋಗುತ್ತೆ.

ಕರಿನಾಲಿಗೆಯವರು ಅಂದದ್ದು ಆಗಿಬಿಡುತ್ತೆ ಎನ್ನುವುದು ಶುದ್ಧ ಸುಳ್ಳು. ಆ ಮಾತಿಗೆ ಒಬ್ಬ ಹುಡುಗಿಯ ಸಂಬಂಧ ತಪ್ಪಿದರೆ, ಅಂದವರದ್ದೇ ತಪ್ಪು. ಗಂಡಿನ ಮನೆಯವರು ಕೇಳಿದರೆ ಇದನ್ನೇ ಓದಿ ಹೇಳಿ.

ಆದರೂ ಒಮ್ಮೆ ವೈದ್ಯರಿಗೆ ನಾಲಿಗೆ ತೋರಿಸಿ. ನೋಡಿದರೆ ಸಾಕು, ತುಂಡು ಕತ್ತರಿಸಬೇಕಿಲ್ಲ. ಸುಸ್ತು, ತೂಕ ಇಳಿಯುವುದು, ಒಸಡು ಅಂಗೈ ಗೆರೆಗಳೂ ಕಪ್ಪಾಗುವುದು ಇದ್ದರೆ ರಕ್ತಪರೀಕ್ಷೆ ಬೇಕು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರೀನಲ್ ಗ್ರಂಥಿಯ ತೊಂದರೆ, ಬಿ12 ವಿಟಮಿನ್ ಕೊರತೆ ಹೀಗೆ ಕಾಣಿಸಬಹುದು. ಒಂದೇ ಕಲೆ ಹೊಸದಾಗಿ ಬಂದು ದೊಡ್ಡದಾಗುತ್ತಿದ್ದರೆ ಕಾಯಬೇಡಿ.

ಪ್ರಶ್ನೆ: ಮಗನ ನಾಲಿಗೆಯಲ್ಲಿ ನಕ್ಷೆಯಂಥ ಕೆಂಪು ಗುರುತು, ದಿನಕ್ಕೊಂದು ಕಡೆ. ಔಷಧಿ?

ಉತ್ತರ: ಬೇಡ. ಖಾರ, ಹುಳಿ ಉರಿದರೆ ಕಡಿಮೆ ಮಾಡಿ.

ಪ್ರಶ್ನೆ: ಹೊಗೆಸೊಪ್ಪು, ಅಡಿಕೆ ಹಾಕ್ತೇನೆ. ಕೆನ್ನೆಯೊಳಗೆ ಬಿಳಿ ಕಲೆ ಎರಡು ತಿಂಗಳಿಂದ ಇದೆ. ಇದೂ ಬಣ್ಣ ಅಷ್ಟೇನಾ?

ಉತ್ತರ: ಅಲ್ಲ. ಕ್ಯಾನ್ಸರ್‌ಗೆ ತಿರುಗಬಲ್ಲ ಕಲೆ ಇರಬಹುದು. ಇಂದೇ ಎರಡನ್ನೂ ಬಿಡಿ. ಈ ವಾರವೇ ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸಿ.