ಹೇರುಗತ್ತೆಯ ಜೊತೆ ಮರುಭೂಮಿ ನಡಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ನೈರುತ್ಯ ಭಾಗದ ಸೊನೋರನ್, ಮೊಹಾವಿ ಮರುಭೂಮಿಗಳಲ್ಲಿ ಕತ್ತೆಯ ಮೇಲೆ ಹೇರು ಕಟ್ಟಿಕೊಂಡು ವಾರಗಟ್ಟಲೆ ನಡೆಯುವವರಿದ್ದಾರೆ. ಅಲ್ಲಿ ಈ ಕತ್ತೆಗೆ ‘ಬರೋ’ ಎನ್ನುತ್ತಾರೆ. ಸ್ಪೇನಿನವರು ತಂದ ಪ್ರಾಣಿ, ಚಿನ್ನ ಹುಡುಕುವವರ ಸಾಮಾನು ಹೊತ್ತು, ಗಣಿಗಳು ಮುಚ್ಚಿದ ಮೇಲೆ ಕಾಡುಪಾಲಾಯಿತು. ಈ ನಡಿಗೆಯ ಬಗ್ಗೆ ಅಲ್ಲಿನ ಕನ್ನಡಿಗರೂ ಊರಿನ ಓದುಗರೂ ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಗೆಳೆಯರಿಬ್ಬರು ಸೇರಿ ಉದ್ದದ ಕಾಲುದಾರಿಯಾದ ಅರಿಜೋನಾ ಟ್ರೇಲ್‌ನ ದಕ್ಷಿಣ ಭಾಗವನ್ನು ಒಂದು ಕತ್ತೆಯ ಜೊತೆ ನಡೆಯಬೇಕೆಂದಿದ್ದೇವೆ. ಕತ್ತೆ ಇರುವುದರಿಂದ ಐದು ದಿನದ ನೀರನ್ನು ಒಟ್ಟಿಗೇ ಒಯ್ಯಬಹುದಲ್ಲವೇ?
(ಓದುಗರು, ಫೀನಿಕ್ಸ್)

ಉತ್ತರ: ಆಗುವುದಿಲ್ಲ. ಹೊರಡುವ ಮೊದಲೇ ಈ ಲೆಕ್ಕ ಸರಿಮಾಡಿಕೊಳ್ಳಬೇಕು, ಏಕೆಂದರೆ ಉಳಿದೆಲ್ಲ ಯೋಜನೆಯೂ ಇದರ ಮೇಲೆಯೇ ನಿಲ್ಲುತ್ತದೆ.

ನಿಮ್ಮ ಕತ್ತೆಯ ತೂಕ 200 ಕೆ.ಜಿ. ಎಂದಿಟ್ಟುಕೊಳ್ಳೋಣ. ದಿನದಿನವೂ ನಡೆಯುವ ಪ್ರಾಣಿಯ ಮೇಲೆ ಮೈತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೇರಬಾರದು. ಅಂದರೆ 40 ಕೆ.ಜಿ. ಇದರಲ್ಲಿ ಜೀನು, ಅದರಡಿಯ ಕಂಬಳಿ, ಪಟ್ಟಿಗಳು, ಎರಡು ಪಕ್ಕಕ್ಕೂ ತೂಗುವ ಪ್ಯಾನಿಯರ್ ಚೀಲಗಳು ಎಲ್ಲ ಸೇರಿ 12 ಕೆ.ಜಿ. ಹೋಯಿತು. ಒಬ್ಬರಿಗೆ ದಿನಕ್ಕೆ 700 ಗ್ರಾಂ ಆಹಾರದಂತೆ ಇಬ್ಬರ ಐದು ದಿನದ ಊಟ 7 ಕೆ.ಜಿ. ಡೇರೆ, ಒಲೆ, ಹಗ್ಗ, ಔಷಧಿ ಪೆಟ್ಟಿಗೆ, ಗೊರಸಿನ ಸಾಮಾನು ಇನ್ನೊಂದು 8 ಕೆ.ಜಿ. ಉಳಿದದ್ದು 13 ಕೆ.ಜಿ., ಅಂದರೆ 13 ಲೀಟರ್ ನೀರು. ಬಿಸಿಲಲ್ಲಿ ನಡೆಯುವ ನಿಮ್ಮಿಬ್ಬರಿಗೇ ದಿನಕ್ಕೆ 10 ಲೀಟರ್ ಬೇಕು. ಹೇರು ಹೊತ್ತ ಕತ್ತೆಗೆ 15ರಿಂದ 20 ಲೀಟರ್, ಸೆಕೆ ಹೆಚ್ಚಿದ್ದರೆ ಇನ್ನೂ ಹೆಚ್ಚು. ಹೊತ್ತ ನೀರು ಅರ್ಧ ದಿನಕ್ಕೆ ಮುಗಿಯಿತು! ನೀವಿಬ್ಬರೂ ನಾಲ್ಕು ನಾಲ್ಕು ಲೀಟರ್ ಬೆನ್ನಿಗೆ ಹಾಕಿಕೊಂಡರೂ ಒಂದು ದಿನದ ಲೆಕ್ಕ ತುಂಬುವುದಿಲ್ಲ.

ಕತ್ತೆ ನಿಮ್ಮ ಬೆನ್ನಿನ ಭಾರ ಇಳಿಸುತ್ತದೆಯೇ ಹೊರತು ನೀರಿಲ್ಲದ ದಾರಿಯನ್ನು ಗಿಡ್ಡ ಮಾಡುವುದಿಲ್ಲ. ಆದ್ದರಿಂದ ಮೊದಲು ನಕ್ಷೆಯಲ್ಲಿ ನೀರಿನ ತಾಣಗಳನ್ನು ಗುರುತು ಹಾಕಿ, ಆಮೇಲೆ ದಿನಗಳನ್ನು ಹಂಚಿ. ಕತ್ತೆಯ ನಡಿಗೆ ಗಂಟೆಗೆ ಮೂರರಿಂದ ನಾಲ್ಕು ಕಿ.ಮೀ. ದಿನಕ್ಕೆ 20 ಕಿ.ಮೀ. ಎಂದು ಹಿಡಿದರೆ ಸಾಕು. ಎರಡು ನೀರಿನ ತಾಣಗಳ ನಡುವೆ 25 ಕಿ.ಮೀ.ಗಿಂತ ಹೆಚ್ಚು ಅಂತರ ಇದ್ದಲ್ಲಿ, ದಾರಿ ರಸ್ತೆಯನ್ನು ದಾಟುವ ಕಡೆ ಕಾರಿನಲ್ಲಿ ಹೋಗಿ ಮುಂಚೆಯೇ ಕ್ಯಾನ್ ಇಟ್ಟು ಬನ್ನಿ. ಒಂದು ರಾತ್ರಿಗೆ ನಿಮ್ಮದು 10, ಕತ್ತೆಯದು 20, ಕೈತಪ್ಪಿ ಚೆಲ್ಲಿದರೆಂದು 5 ಲೀಟರ್. ದಪ್ಪ ಪ್ಲಾಸ್ಟಿಕ್ ಕ್ಯಾನೇ ಬೇಕು, ತೆಳು ಬಾಟಲಿ ಬಿಸಿಲಿಗೆ ಬಿರುಕು ಬಿಡುತ್ತದೆ. ಹೆಸರು, ತಾರೀಕು ಬರೆದಿಡಿ, ನಡಿಗೆ ಮುಗಿದ ಮೇಲೆ ಖಾಲಿ ಕ್ಯಾನನ್ನು ವಾಪಸ್ ತನ್ನಿ.

ಆ ಟ್ರೇಲ್ ಮೆಕ್ಸಿಕೋ ಗಡಿಯಿಂದ ಯೂಟಾ ಗಡಿಯವರೆಗೆ ಸುಮಾರು 1,290 ಕಿ.ಮೀ. ಇದೆ. ದಕ್ಷಿಣದಲ್ಲಿ ಬಹುಪಾಲು ನೀರು ಸಿಗುವುದು ದನಗಳಿಗೆಂದು ಕಟ್ಟಿದ ಕಟ್ಟೆ, ತೊಟ್ಟಿಗಳಲ್ಲಿ. ಇವು ಒಂದು ವಾರ ತುಂಬಿದ್ದು ಮುಂದಿನ ವಾರ ಬರೀ ಕೆಸರಾಗಬಹುದು, ಹಾಗಾಗಿ ಹೊಸ ಸುದ್ದಿ ವಿಚಾರಿಸಿಯೇ ನಂಬಬೇಕು. ದನ ಮತ್ತು ಕಾಡುಪ್ರಾಣಿಗಳು ನೀರಿಗೆ ಬರಲು ಅಡ್ಡಿಯಾಗುವಂತೆ ಇಂಥ ತಾಣದ ಕಾಲು ಮೈಲಿ, ಅಂದರೆ 400 ಮೀಟರ್ ಒಳಗೆ ಡೇರೆ ಹಾಕುವುದು ಅರಿಜೋನಾದಲ್ಲಿ ಕಾನೂನುಬಾಹಿರ. ಕುಡಿಸಿ, ತುಂಬಿಕೊಂಡು, ದೂರ ಹೋಗಿ ಮಲಗಿ.

‘ಕತ್ತೆ ನೀರಿಲ್ಲದೆ ಬದುಕುತ್ತದೆ’ ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಬಾಯಾರಿಕೆಯನ್ನು ಅದು ಕುದುರೆಗಿಂತ ಚೆನ್ನಾಗಿ ತಡೆಯುತ್ತದೆ, ನೀರು ಕಂಡಾಗ ಕೆಲವೇ ನಿಮಿಷಗಳಲ್ಲಿ 20 ಲೀಟರ್ ಹೀರಬಲ್ಲದು, ಇದು ನಿಜ. ಆದರೆ ಬಾಯಾರಿದ ಕತ್ತೆ ಒಣ ಮೇವು ಮುಟ್ಟುವುದಿಲ್ಲ. ಮೇವು ಬಿಟ್ಟ ಕತ್ತೆಯ ದೇಹ ತನ್ನ ಕೊಬ್ಬನ್ನೇ ಕರಗಿಸಿ ರಕ್ತಕ್ಕೆ ಬಿಡುತ್ತದೆ, ಆ ಕೊಬ್ಬು ಯಕೃತ್ತನ್ನು ಕೆಡಿಸಿ ಪ್ರಾಣಕ್ಕೇ ಕುತ್ತು ತರುತ್ತದೆ. ಇನ್ನೊಂದು ಸಂಗತಿ, ಕತ್ತೆ ನೀರಿನ ವಿಷಯದಲ್ಲಿ ಬಲು ಚೊಕ್ಕ. ಗುರುತಿಲ್ಲದ ವಾಸನೆ ಬಂದರೆ ಮೂಗು ತಾಗಿಸಿ ಹಿಂದೆ ಸರಿಯುತ್ತದೆ. ಮನೆಯಲ್ಲಿ ಬಳಸಿದ ಬಕೆಟ್ಟನ್ನೇ ಒಯ್ಯಿರಿ. ಮನೆಯಲ್ಲಿರುವಾಗಲೇ ನೀರಿಗೆ ಒಂದಿಷ್ಟು ಸೇಬಿನ ರಸ ಬೆರೆಸಿ ರೂಢಿಸಿದ್ದರೆ, ದಾರಿಯ ನೀರಿಗೂ ಅದನ್ನೇ ಬೆರೆಸಿ ಕುಡಿಸಬಹುದು.

ಪ್ರಶ್ನೆ: ಇಲ್ಲಿ ಸರ್ಕಾರವೇ ಕಾಡುಕತ್ತೆಗಳನ್ನು ಸಾಕಲು ಕೊಡುತ್ತದೆಯಂತೆ. ಈಗ ತಂದರೆ ಬರುವ ಚಳಿಗಾಲದಲ್ಲಿ ನಡೆಯಬಹುದೇ?
(ಓದುಗರು, ಲಾಸ್ ವೇಗಾಸ್)

ಉತ್ತರ: ಕೊಡುತ್ತದೆ. 1971ರ ಕಾಯಿದೆಯಡಿ ರಕ್ಷಣೆ ಪಡೆದ ಈ ಪ್ರಾಣಿಗಳನ್ನು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ದತ್ತು ಕೊಡುತ್ತದೆ. ಪ್ರಾಣಿಯೊಂದಕ್ಕೆ ಕನಿಷ್ಠ 400 ಚದರ ಅಡಿಯ ಆವರಣ, ನಾಲ್ಕೂವರೆ ಅಡಿ ಎತ್ತರದ ಗಟ್ಟಿ ಬೇಲಿ, ನೆರಳು ಇರಬೇಕು. ಮೊದಲ ಒಂದು ವರ್ಷ ಪ್ರಾಣಿ ಸರ್ಕಾರದ್ದೇ. ಚೆನ್ನಾಗಿ ನೋಡಿಕೊಂಡಿದ್ದೀರೆಂದು ಖಾತ್ರಿಯಾದ ಮೇಲೆ ಹಕ್ಕುಪತ್ರ ಸಿಗುತ್ತದೆ.

ಬರುವ ಚಳಿಗಾಲದ ಆಸೆ ಬಿಡಿ. ಮನುಷ್ಯರ ಕೈ ಸೋಕದ ಕತ್ತೆ ಮೊದಲು ಹಗ್ಗಕ್ಕೆ, ಆಮೇಲೆ ನಾಲ್ಕೂ ಕಾಲು ಎತ್ತಿಸಿಕೊಳ್ಳಲು, ಆಮೇಲೆ ಖಾಲಿ ಜೀನಿಗೆ, ಕೊನೆಗೆ ಸದ್ದು ಮಾಡುವ ಹೇರಿಗೆ ಒಗ್ಗಬೇಕು. ಇದಕ್ಕೆ ಒಂದು ವರ್ಷ ಕೊಡಿ. ಅಷ್ಟು ಕಾಯಲಾಗದಿದ್ದರೆ ಪಳಗಿಸಿದ ಪ್ರಾಣಿಯನ್ನೇ ಕೇಳಿ ಪಡೆಯಿರಿ. ನಾಲ್ಕು ವರ್ಷ ತುಂಬದ ಕತ್ತೆಗೆ ಪೂರ್ತಿ ಹೇರು ಬೇಡ, ಮೂಳೆ ಇನ್ನೂ ಬಲಿಯುತ್ತಿರುತ್ತದೆ. ಸಾಧ್ಯವಾದರೆ ಎರಡು ತನ್ನಿ. ಕತ್ತೆಗಳು ಜೋಡಿ ಕಟ್ಟುತ್ತವೆ, ಒಂಟಿಯಾದದ್ದು ಕೊರಗಿ ಮೇವು ಬಿಡುವುದುಂಟು. ರಾಜ್ಯದ ಗಡಿ ದಾಟುವುದಿದ್ದರೆ ಪಶುವೈದ್ಯರ ಆರೋಗ್ಯ ಪತ್ರ, ಕುದುರೆ-ಕತ್ತೆಗಳ ಸಾಂಕ್ರಾಮಿಕ ರಕ್ತಹೀನತೆಯನ್ನು ಪತ್ತೆಮಾಡುವ ಕಾಗಿನ್ಸ್ ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ಧನುರ್ವಾಯು ಲಸಿಕೆಯನ್ನು ಮರೆಯಬೇಡಿ.

ಪ್ರಶ್ನೆ: ಇಳಿಜಾರಿನಲ್ಲಿ ಜೀನು ಕುತ್ತಿಗೆಯ ಕಡೆ ಜಾರುತ್ತದೆ. ಎಷ್ಟು ಬಿಗಿದರೂ ಅಷ್ಟೆ. ಮೂರನೇ ದಿನ ಬೆನ್ನಿನ ಮೇಲೆ ಗಾಯ ಕಂಡಿತು.
(ಓದುಗರು, ಸ್ಯಾನ್ ಡಿಯಾಗೋ)

ಉತ್ತರ: ಬಿಗಿಯುವುದು ಇದಕ್ಕೆ ಮದ್ದಲ್ಲ. ಕುದುರೆಯ ಹೆಗಲ ಮೇಲಿರುವ ಎತ್ತರದ ಉಬ್ಬು ಜೀನನ್ನು ತಡೆದು ನಿಲ್ಲಿಸುತ್ತದೆ. ಕತ್ತೆಯ ಬೆನ್ನು ಚಪ್ಪಟೆ, ಆ ಉಬ್ಬು ಇಲ್ಲವೆನ್ನುವಷ್ಟು ತಗ್ಗು. ಹೊಟ್ಟೆಪಟ್ಟಿಯೊಂದನ್ನೇ ನಂಬಿದರೆ ಇಳಿಜಾರಿನಲ್ಲಿ ಜೀನು ಮುಂದಕ್ಕೆ ಬರಲೇಬೇಕು. ತೊಡೆಯ ಹಿಂಬದಿಯನ್ನು ಬಳಸಿ ಬರುವ ಅಗಲ ಪಟ್ಟಿ, ಅಂದರೆ ಬ್ರೀಚಿಂಗ್ ಇದ್ದರೆ ಭಾರ ಅದರ ಮೇಲೆ ನಿಲ್ಲುತ್ತದೆ. ಏರಿನಲ್ಲಿ ಜೀನು ಹಿಂದೆ ಜಾರದಂತೆ ಎದೆಪಟ್ಟಿ. ಬ್ರೀಚಿಂಗ್ ಬಾಲದ ಬುಡಕ್ಕೂ ಮಂಡಿಗೂ ನಡುವೆ ಕೂರಬೇಕು, ಸಮನೆಲದಲ್ಲಿ ನಿಂತಾಗ ಅದರಡಿ ಅಂಗೈ ಅಡ್ಡವಾಗಿ ತೂರುವಷ್ಟು ಸಡಿಲ ಇರಬೇಕು. ತೀರಾ ಬಿಗಿಯಾದರೆ ಪ್ರತಿ ಹೆಜ್ಜೆಗೂ ಉಜ್ಜಿ ಕೂದಲು ಕಿತ್ತುಬರುತ್ತದೆ.

ಗಾಯಕ್ಕೆ ಇನ್ನೊಂದು ಕಾರಣವೂ ಇರಬಹುದು. ಸಂಜೆ ಜೀನು ಇಳಿಸಿದ ಕೂಡಲೇ ಬೆನ್ನನ್ನು ನೋಡಿ. ಬೆವರಿನ ಗುರುತು ಎಡಬಲ ಒಂದೇ ಸಮ ಇದ್ದರೆ ಸರಿ. ಒದ್ದೆಯ ನಡುವೆ ಅಂಗೈಯಗಲ ಒಣ ಜಾಗ ಕಂಡರೆ ಅಲ್ಲೇ ಮರದ ಪಟ್ಟಿ ಒತ್ತುತ್ತಿದೆ. ಒತ್ತಡಕ್ಕೆ ರಕ್ತ ನಿಂತು ಬೆವರು ಬಾರದ ಜಾಗವದು, ಮಾರನೇ ದಿನ ಊದಿಕೊಳ್ಳುತ್ತದೆ, ಅದರ ಮಾರನೇ ದಿನ ಒಡೆಯುತ್ತದೆ. ಸಾಬಕ್ ಎಂಬ ಮರದ ಹೇರುಜೀನಿನಲ್ಲಿ ಬೆನ್ನಿನ ಎರಡು ಬದಿಗೂ ಕೂರುವ ಮರದ ಪಟ್ಟಿಗಳನ್ನು ಕತ್ತೆಯ ಬೆನ್ನಿನ ಆಕಾರಕ್ಕೆ ತಕ್ಕಂತೆ ಉಜ್ಜಿ ಕೂರಿಸಬೇಕು. ಕಂಬಳಿ ಮೇಲೆ ಕಂಬಳಿ ಹಾಕಿ ಸರಿದೂಗಿಸಲು ಹೋದರೆ ಜೀನು ಇನ್ನೂ ಮೇಲೇರಿ ಹೊರಳುತ್ತದೆ. ಒಂದಿಂಚು ದಪ್ಪದ ಉಣ್ಣೆಯ ಪ್ಯಾಡ್ ಒಂದು ಸಾಕು.

ಎರಡು ಪ್ಯಾನಿಯರ್‌ಗಳ ತೂಕದಲ್ಲಿ ಅರ್ಧ ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕೈಯಲ್ಲಿ ಹಿಡಿಯುವ ತೂಗುತಕ್ಕಡಿ ಒಯ್ದು ದಿನಾ ಬೆಳಿಗ್ಗೆ ತೂಗಿ, ಏಕೆಂದರೆ ನಿನ್ನೆ ಒಂದು ಚೀಲದ ಅಕ್ಕಿ ಖರ್ಚಾಗಿರುತ್ತದೆ. ಭಾರದ ವಸ್ತು ಚೀಲದ ತಳದಲ್ಲಿ, ಪ್ರಾಣಿಯ ಮೈಗೆ ಹತ್ತಿರ ಇರಲಿ. ನೀರಿನ ಕ್ಯಾನ್ ಎರಡೂ ಕಡೆಯಿಂದ ಸಮನಾಗಿ ಖಾಲಿಯಾಗಬೇಕು. ಹೊಟ್ಟೆಪಟ್ಟಿಯಡಿ ಎರಡು ಬೆರಳು ಹೋಗುವಷ್ಟು ಬಿಗಿದು, ಹದಿನೈದು ನಿಮಿಷ ನಡೆದ ಮೇಲೆ ಇನ್ನೊಮ್ಮೆ ನೋಡಿ. ಹೊರಡುವಾಗ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುವ ಕತ್ತೆಗಳಿಗೆ ಇದು ಕಡ್ಡಾಯ. ಈಗ ಆಗಿರುವ ಗಾಯ ಪೂರ್ತಿ ಮಾಯುವವರೆಗೆ ಜೀನು ಹಾಕಬೇಡಿ. ರಂಧ್ರ ಮಾಡಿದ ಪ್ಯಾಡ್ ಹಾಕಿ ನಡೆಸಿ ಎನ್ನುವ ಸಲಹೆ ನಮಗೆ ಒಪ್ಪಿಗೆಯಿಲ್ಲ. ರಂಧ್ರದ ಅಂಚೇ ಹೊಸ ಗಾಯ ಮಾಡುತ್ತದೆ.

ಪ್ರಶ್ನೆ: ದಾರಿಯ ಮಧ್ಯೆ ನಿಂತುಬಿಟ್ಟರೆ ಏನು ಮಾಡಬೇಕು? ಎಳೆದರೆ ಇನ್ನೂ ಹಿಂದಕ್ಕೆ ಜಗ್ಗುತ್ತದೆ.
(ಓದುಗರು, ಟೂಸಾನ್)

ಉತ್ತರ: ಹೆದರಿದ ಕುದುರೆ ಓಡುತ್ತದೆ. ಅನುಮಾನ ಬಂದ ಕತ್ತೆ ನಿಂತು ನೋಡುತ್ತದೆ. ಹಟ ಎಂದು ಕರೆಯುವ ಮೊದಲು ಅದರ ಕಿವಿ ಎತ್ತ ತಿರುಗಿದೆ ನೋಡಿ, ನಿಮಗೆ ಕಾಣದ್ದು ಅಲ್ಲಿ ಇರುತ್ತದೆ: ಹಾವು, ಹೊಸದಾಗಿ ಕೊರೆದ ಹಳ್ಳ, ಕಾಲಡಿ ಟೊಳ್ಳು ಸದ್ದು ಮಾಡುವ ಮರದ ಸೇತುವೆ. ಒಂದೆರಡು ನಿಮಿಷ ಸುಮ್ಮನಿರಿ. ಮುಂದೆ ನಿಂತು ಮುಖ ನೋಡುತ್ತ ಎಳೆಯಬೇಡಿ. ಹೆಗಲ ಪಕ್ಕಕ್ಕೆ ಬಂದು, ಹಗ್ಗವನ್ನು ಹಗುರವಾಗಿ ಓರೆಗೆ ಬಿಗಿಮಾಡಿ, ಒಂದು ಹೆಜ್ಜೆ ಇಟ್ಟ ಕ್ಷಣವೇ ಸಡಿಲಿಸಿ. ಆ ಸಡಿಲಿಕೆಯಿಂದಲೇ ಅದು ಕಲಿಯುವುದು. ಹಗ್ಗ ಮೂರೂವರೆ ಮೀಟರ್ ಉದ್ದ ಇರಲಿ, ಕೈಗೆ ಎಂದೂ ಸುತ್ತಿಕೊಳ್ಳಬೇಡಿ. ಬೆರಳು ಹೋಗುವುದು ಹಾಗೆಯೇ.

ಎಷ್ಟು ಹೊತ್ತಾದರೂ ಕದಲದಿದ್ದರೆ ನೋವಿದೆಯೇ ಪರೀಕ್ಷಿಸಿ. ನಾಲ್ಕೂ ಗೊರಸು ಎತ್ತಿ ಕಲ್ಲು ನೋಡಿ, ಜೀನಿನಡಿ ಕೈಯಾಡಿಸಿ ಮುಳ್ಳು ನೋಡಿ. ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಸಿದ ದನತಡೆಯ ಮುಂದೆ ನಿಂತರೆ ಕತ್ತೆ ಮಾಡಿದ್ದೇ ಸರಿ, ಸರಳಿನ ಸಂದಿಗೆ ಕಾಲು ಹೋದರೆ ಮುರಿಯುತ್ತದೆ. ಪಕ್ಕದ ಗೇಟು ಹುಡುಕಿ ಅದರಲ್ಲಿ ದಾಟಿ. ಗೇಟು ಮುಚ್ಚಿದ್ದರೆ ಮುಚ್ಚಿಯೇ ಹೋಗಿ, ತೆರೆದಿದ್ದರೆ ಹಾಗೆಯೇ ಬಿಡಿ.

ಪ್ರಶ್ನೆ: ನಮ್ಮ ದೇಶದಲ್ಲಿ ಕತ್ತೆಯ ಹೇರಿಗೆ ಕಾನೂನಿನ ಮಿತಿ ಇದೆಯೇ? ಇಟ್ಟಿಗೆ ಹೊರುವ ಕತ್ತೆಗಳನ್ನು ನೋಡಿದರೆ ಹಾಗನ್ನಿಸುವುದಿಲ್ಲ.
(ಓದುಗರು, ಕಲಬುರಗಿ)

ಉತ್ತರ: ಇದೆ. 1965ರ ಕೇಂದ್ರ ನಿಯಮಗಳ ಪ್ರಕಾರ ಕತ್ತೆಗೆ 50 ಕೆ.ಜಿ. ಮಿತಿ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ತಾಪಮಾನ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ನಮ್ಮ ಊರಿನ ಕತ್ತೆಗಳು ಅಮೆರಿಕದವಕ್ಕಿಂತ ಚಿಕ್ಕವು. ಐದನೇ ಒಂದು ಪಾಲಿನ ಲೆಕ್ಕ ಹಿಡಿದರೆ ಅವಕ್ಕೆ 50 ಕೆ.ಜಿ.ಯೂ ಹೆಚ್ಚೇ. ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನದ ನಿಯಮವೊಂದನ್ನು ಪಾಲಿಸಿದರೂ ಎಷ್ಟೋ ಪ್ರಾಣಿಗಳ ಗೋಳು ತಪ್ಪುತ್ತದೆ.

ಪ್ರಶ್ನೆ: ರಾತ್ರಿ ಎಲ್ಲಿ ಕಟ್ಟುವುದು, ಏನು ಮೇಯಿಸುವುದು?
(ಓದುಗರು, ಆಲ್ಬುಕರ್ಕಿ)

ಉತ್ತರ: ಗಟ್ಟಿ ಮರ ಎರಡು ಸಿಕ್ಕರೆ ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿದು ಅದಕ್ಕೆ ಕಟ್ಟಿ. ತೊಗಟೆ ಕೊರೆಯದಂತೆ ಮರಕ್ಕೆ ಅಗಲ ಪಟ್ಟಿ ಸುತ್ತಿರಿ. ಮರುಭೂಮಿಯಲ್ಲಿ ಹೆಚ್ಚಾಗಿ ಸಿಗುವ ಮರ ಮೆಸ್ಕೀಟ್, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಮುಳ್ಳೂ ಅಂಥದ್ದೇ. ಮರವೇ ಇಲ್ಲದ ಕಡೆ ಮುಂಗಾಲಿಗೆ ಮೆತ್ತನೆಯ ಪಟ್ಟಿ ಹಾಕಿ ಏಳೆಂಟು ಮೀಟರ್ ಹಗ್ಗದಿಂದ ಗೂಟಕ್ಕೆ ಕಟ್ಟುತ್ತಾರೆ. ಇದನ್ನು ಮನೆಯಲ್ಲಿ ವಾರಗಟ್ಟಲೆ ರೂಢಿಸದೆ ದಾರಿಯಲ್ಲಿ ಮಾಡಿದರೆ ಹಗ್ಗ ಸಿಕ್ಕಿಕೊಂಡು ಹಿಂಗಾಲಿನ ಚರ್ಮ ಸುಲಿಯುತ್ತದೆ. ಒಣ ಹಳ್ಳದ ಮರಳು ಮೆತ್ತಗಿದೆಯೆಂದು ಅಲ್ಲಿ ಕಟ್ಟಬೇಡಿ. ದೂರದಲ್ಲೆಲ್ಲೋ ಸುರಿದ ಮಳೆಗೆ ನೀರು ನುಗ್ಗಿ ಬರುತ್ತದೆ.

ಮೇವಿಗೆ ಒರಟು ಹುಲ್ಲು, ಹೊಟ್ಟು. ಕಾಳು ಬೇಡ. ಬಡಮೇವಿಗೆ ಹುಟ್ಟಿದ ಹೊಟ್ಟೆಗೆ ಕಾಳು ಬಿದ್ದರೆ ಗೊರಸಿನೊಳಗೆ ಉರಿಯೂತವಾಗಿ ಕುಂಟು ಬರುತ್ತದೆ. ಸಾರ್ವಜನಿಕ ಭೂಮಿಯಲ್ಲಿ ಬಹಳ ಕಡೆ ಕಳೆಬೀಜವಿಲ್ಲವೆಂದು ಪ್ರಮಾಣಿತವಾದ ಹುಲ್ಲನ್ನೇ ಒಯ್ಯಬೇಕು. ಹೊರಡುವ ಮೂರು ದಿನ ಮೊದಲಿಂದಲೇ ಅದನ್ನು ತಿನ್ನಿಸಿ, ಇಲ್ಲವಾದರೆ ಸಗಣಿಯಲ್ಲಿ ಕಳೆಬೀಜ ಹೋಗುತ್ತದೆ. ಊರುಗಳ ಅಂಚಿನಲ್ಲಿ ಕಣಗಿಲೆ ಗಿಡಗಳನ್ನು ಬೇಲಿಯಂತೆ ಬೆಳೆಸಿರುತ್ತಾರೆ. ಕಣಗಿಲೆ ವಿಷ ಎಂಬುದನ್ನು ನಮ್ಮವರಿಗೆ ಹೇಳಬೇಕಿಲ್ಲ, ಒಣಗಿದ ಎಲೆಯೂ ಅಷ್ಟೇ ಅಪಾಯ. ಬಾಯಿ ಹಾಕಲು ಬಿಡಬೇಡಿ. ಚೋಯ ಎಂಬ ಕಳ್ಳಿಯ ತುಂಡು ಮೂತಿಗೋ ಕಾಲಿಗೋ ಅಂಟಿದರೆ ಕೈ ಹಾಕಬೇಡಿ. ಅಗಲ ಹಲ್ಲಿನ ಬಾಚಣಿಗೆಯನ್ನು ಕಳ್ಳಿಗೂ ಚರ್ಮಕ್ಕೂ ನಡುವೆ ತೂರಿಸಿ ಒಮ್ಮೆಲೇ ಚಿಮ್ಮಿಸಿ, ಉಳಿದ ಮುಳ್ಳನ್ನು ಇಕ್ಕಳದಿಂದ ಕೀಳಿ.

ಪ್ರಶ್ನೆ: ಕಾಯಿಲೆಯಾಗಿದೆ ಎಂದು ತಿಳಿಯುವುದು ಹೇಗೆ? ಯಾವಾಗ ವಾಪಸ್ಸಾಗಬೇಕು?
(ಓದುಗರು, ಮೈಸೂರು)

ಉತ್ತರ: ಕತ್ತೆ ನೋವನ್ನು ತೋರಿಸಿಕೊಳ್ಳುವುದಿಲ್ಲ. ಹೊಟ್ಟೆನೋವಿಗೆ ಕುದುರೆ ನೆಲದಲ್ಲಿ ಹೊರಳಾಡಿದರೆ ಕತ್ತೆ ಬರೀ ಮಂಕಾಗಿ ನಿಲ್ಲುತ್ತದೆ. ಅದಕ್ಕೇ ಮಂಕು ಕಂಡರೆ ಅದನ್ನೇ ತುರ್ತು ಎಂದು ತಿಳಿಯಿರಿ. ಆರೋಗ್ಯವಾಗಿರುವ ದೊಡ್ಡ ಕತ್ತೆಯ ಮೈಶಾಖ ಸುಮಾರು 37 ಡಿಗ್ರಿ, ನಾಡಿ ನಿಮಿಷಕ್ಕೆ 36ರಿಂದ 52, ಉಸಿರು 12ರಿಂದ 28. ನಿಮ್ಮ ಕತ್ತೆಯ ಅಂಕಿಗಳನ್ನು ಮನೆಯಲ್ಲೇ ಒಂದು ವಾರ ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ದಿನಾ ಸಂಜೆ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ, ಬಿಳಿಚಿದ ಜಾಗ ಎರಡು ಸೆಕೆಂಡಿನಲ್ಲಿ ಕೆಂಪಾಗಬೇಕು. ಹೇರು ಇಳಿಸಿ ಅರ್ಧ ಗಂಟೆ ನೆರಳಲ್ಲಿ ನಿಂತರೂ ಉಸಿರು ತಗ್ಗದಿದ್ದರೆ ಮೈಮೇಲೆ ನೀರು ಸುರಿಯಿರಿ, ಆ ದಿನ ಮುಂದೆ ಹೋಗಬೇಡಿ. ಒಂದು ಹೊತ್ತಿನ ಮೇವು ಪೂರ್ತಿ ಬಿಟ್ಟರೆ ಪಶುವೈದ್ಯರಿಗೆ ಕರೆ ಮಾಡಿ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಉಪಗ್ರಹ ಸಂದೇಶ ಯಂತ್ರ ಬೇಕಾಗುವುದು ಇದಕ್ಕೇ. ಪ್ರಾಣಿ ಸಾಗಿಸುವ ಟ್ರೇಲರ್ ಗಾಡಿ ಬಂದು ತಲುಪಬಹುದಾದ ಪ್ರತಿ ರಸ್ತೆದಾಟನ್ನೂ ಹೊರಡುವ ಮೊದಲೇ ನಕ್ಷೆಯಲ್ಲಿ ಗುರುತಿಸಿ, ಅದರ ಒಂದು ಪ್ರತಿಯನ್ನು ಟ್ರೇಲರ್ ತರಬಲ್ಲವರ ಕೈಗೆ ಕೊಟ್ಟು ಹೊರಡಿ.