ಪ್ರತಿಕ್ರಿಯೆ: ಪಂಚಾಯ್ತಿ ಠರಾವು ಇದ್ರೂ ಹಾಡಿಯವ್ರು ಕ್ವಾರಿ ಸರ್ವೆಗೆ ಬಿಡ್ತಿಲ್ಲ

ಪಂಚಾಯ್ತಿ ಠರಾವು ತೋರಿಸಿದ್ರೂ ಹಾಡಿಯವ್ರು, ಅಂದ್ರೆ ಕಾಡಿನ ಬುಡಕಟ್ಟು ಜನರ ಊರಿನವ್ರು, ಕ್ವಾರಿ ಸರ್ವೆಗೆ ಬಿಡ್ತಿಲ್ಲ ಅಂತ ಕೇಳಿದೀರ. ಬಹುಶಃ ನೀವು ತಪ್ಪು ಸಭೆಯ ಠರಾವು ಹಿಡ್ಕೊಂಡಿದೀರ. ಅದು ಗ್ರಾಮ ಪಂಚಾಯ್ತಿದು, ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಗ್ರಾಮಸಭೆ ಅಂದ್ರೆ ಆ ಹಾಡಿಯ ವಯಸ್ಕರೆಲ್ಲರ ಸಭೆ, ಪಂಚಾಯ್ತಿ ಮೆಂಬರ್‌ಗಳು ಸೈನ್ ಹಾಕಿದ್ರೆ ಹಾಡಿ ಒಪ್ಪಿದಂಗೆ ಆಗಲ್ಲ.

ಮೊದಲು ಸರ್ವೆ ನಿಲ್ಸಿ. ಜಾಗ ರೆವಿನ್ಯೂನಾ ಅರಣ್ಯನಾ ನೀವು ಬರ್ದಿಲ್ಲ, ರೆವಿನ್ಯೂ ಆದ್ರೆ ದಾರಿ ಬೇರೆ ಇರಬಹುದು, ನಾನು ಅರಣ್ಯ ಅಂದ್ಕೊಂಡೇ ಹೇಳ್ತಿದೀನಿ. ಆಮೇಲೆ ಅರಣ್ಯ ಹಕ್ಕು ಸಮಿತಿಯವ್ರನ್ನ (ಗ್ರಾಮಸಭೆ ಆರಿಸಿದ, ಹಕ್ಕಿನ ಅರ್ಜಿ ನೋಡೋ ಸಮಿತಿ) ಕೇಳಿ, ವೈಯಕ್ತಿಕ, ಸಮುದಾಯ ಹಕ್ಕಿನ ಅರ್ಜಿ ಯಾವ್ಯಾವ್ದು ಬಾಕಿ ಇದೆ ಅಂತ. ಅದು ಇತ್ಯರ್ಥ ಆಗೋವರ್ಗೂ ಅವರನ್ನ ಎಬ್ಬಿಸೋ ಹಾಗಿಲ್ಲ, ಅದೇ ಕಾಯ್ದೆಯ ಸೆಕ್ಷನ್ 4(5) ನೋಡಿ.

ಅದಾದ್ಮೇಲೆ ಮಾತುಕತೆ. ಧೂಳು, ಬ್ಲಾಸ್ಟಿಂಗು, ಜೇನು ಸೀಗೆ ತರೋ ದಾರಿ, ದೇವರ ಜಾಗ, ನೀರು ಏನಾಗುತ್ತೆ ಅಂತ ನಕ್ಷೆ ಇಟ್ಟು ಅವರ ಭಾಷೇಲೇ ಹೇಳೋರನ್ನ ಕರ್ಕೊಂಡ್ ಹೋಗಿ, ಯಜಮಾನನ ಒಬ್ಬನ ಹತ್ರ ಮಾತಾಡಿ ಮುಗಿಸ್ಬೇಡಿ. ಕೂಲಿ, ಜೇನಿನ ಸೀಸನ್ನಲ್ಲಿ ಸಭೆ ಇಟ್ರೆ ಯಾರೂ ಬರಲ್ಲ. ಕಾಯ್ದೆಯ ನಿಯಮದಲ್ಲಿ ಕೋರಂ (ಸಭೆ ನಡೆಯೋಕೆ ಬೇಕಾದ ಕನಿಷ್ಠ ಹಾಜರಾತಿ) ಅಂದ್ರೆ ಅರ್ಧದಷ್ಟು ಸದಸ್ಯರು, ಬಂದೋರಲ್ಲಿ ಮೂರನೇ ಒಂದು ಭಾಗ ಹೆಂಗಸ್ರು ಇರಲೇಬೇಕು, ಹಾಜರಾತಿ ಪುಸ್ತಕ ಅಲ್ಲೇ ಬರೆಸಿ.

ಬೇಡ ಅಂದ್ರೆ? ಆ ಸಾಧ್ಯತೆಗೂ ರೆಡಿ ಇರಿ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ನಡೆದ 12 ಗ್ರಾಮಸಭೆಗಳೂ ಬಾಕ್ಸೈಟ್ ಗಣಿ ಬೇಡ ಅಂದ್ವು, ಕೇಂದ್ರ ಅನುಮತಿ ಕೊಡ್ಲಿಲ್ಲ. ನಿಮ್ಮ ಬಾಸ್‌ಗೆ ಇದನ್ನ ಈಗ್ಲೇ ಬರವಣಿಗೇಲಿ ಕಳ್ಸಿ, ಯಂತ್ರ ಬಾಡಿಗೆ ಮಾತಾಡೋಕ್ ಮುಂಚೆ.